ಮಗಳೆಂದವರು, ಹಕ್ಕು ಕೊಡದವರು: ಕೊಡಗಿನ ಗೌರಮ್ಮನ ಬದುಕು ಮತ್ತು ಮನೆತನ



ಅರಕೇರಾದ ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಒಬ್ಬ ರಾಜಕುಮಾರಿಯ ಬದುಕನ್ನು. ಆಕೆ ಗೌರಮ್ಮ, ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1841ರಲ್ಲಿ ಕಾಶಿಯಲ್ಲಿ ಹುಟ್ಟಿದಳು. 1852ರಲ್ಲಿ ತಂದೆಯ ಜೊತೆ ಲಂಡನ್ ಸೇರಿದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಆಕೆಯನ್ನು ಕ್ರೈಸ್ತಳನ್ನಾಗಿ ಮಾಡಿಸಿದಳು. 1864ರ ಮಾರ್ಚ್ 30ರಂದು, ಇಪ್ಪತ್ತೆರಡರ ಹರೆಯದಲ್ಲಿ, ಗೌರಮ್ಮ ಕ್ಷಯದಿಂದ ತೀರಿಕೊಂಡಳು. ಇಷ್ಟು ಚಿಕ್ಕ ಆಯುಷ್ಯವನ್ನು ಜನ ಸಾಮಾನ್ಯವಾಗಿ ಎರಡು ರೀತಿ ಹೇಳುತ್ತಾರೆ. ರಾಜ್ಯ ಕಳೆದುಕೊಂಡವನ ಮಗಳು ಜಗತ್ತಿನ ದೊಡ್ಡ ಅರಮನೆಯಲ್ಲಿ ಮಗಳಂತೆ ಬೆಳೆದಳು, ಪುಣ್ಯವಂತೆ ಎನ್ನುವುದು ಒಂದು. ತಂದೆಯ ದುರಾಸೆಗೆ ಬಲಿಯಾಗಿ ಜಾತಿ, ಮತ, ನಾಡು ಎಲ್ಲವನ್ನೂ ಕಳೆದುಕೊಂಡು ಪರದೇಶಿಯಾದಳು ಎನ್ನುವುದು ಇನ್ನೊಂದು. ಎರಡೂ ಮಾತಿನಲ್ಲಿ ಅಷ್ಟಿಷ್ಟು ನಿಜವಿದೆ. ಆದರೆ ಎರಡೂ ಕಥೆಗಳು ಗೌರಮ್ಮನನ್ನು ಯಾರು ಎಷ್ಟು ಪ್ರೀತಿಸಿದರು, ಯಾರು ಎಷ್ಟು ವಂಚಿಸಿದರು ಎಂದಷ್ಟೇ ಕೇಳುತ್ತವೆ. ಆಕೆಯ ಕೈಯಲ್ಲಿ ಯಾವ ಹಕ್ಕು ಉಳಿದಿತ್ತು ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಮುಂದಿಟ್ಟರೆ ಆಕೆಯ ಬದುಕು ಬೇರೆಯದೇ ಅರ್ಥ ಕೊಡುತ್ತದೆ ಎಂಬುದು ನನ್ನ ವಾದ. ಪ್ರಭುತ್ವವು ಗೌರಮ್ಮನೊಡನೆ ಮನೆತನದ ಭಾಷೆಯಲ್ಲಿ ಮಾತನಾಡಿತು, ಮಗಳೆಂದಿತು. ಹಕ್ಕಿನ ಮಾತು ಬಂದ ಕೂಡಲೆ ರಾಜ್ಯದ ಭಾಷೆಗೆ ತಿರುಗಿತು. ಇದು ಕೊಡಗಿನಲ್ಲಿ ಮಾತ್ರ ಆದದ್ದಲ್ಲ. ಇಲ್ಲಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲೂ ಅದೇ ಕಾಲದಲ್ಲಿ ಆಯಿತು. ಆದ್ದರಿಂದ ಈ ವಿಷಯ ಅರಕೇರಾಕ್ಕೆ ದೂರದ್ದಲ್ಲ.

ಮೊದಲು ಮನೆತನದ ವಿಚಾರ. ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. ಆ ವಂಶದ ದೊಡ್ಡವೀರರಾಜೇಂದ್ರ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು, 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಮೈಸೂರಿನ ಯುದ್ಧಗಳಲ್ಲಿ ಕಂಪನಿಗೆ ದೊಡ್ಡ ನೆರವಾಗಿ ನಿಂತವನು. ಅವನಿಗೆ ಗಂಡುಮಕ್ಕಳಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿಯೇ ಪಟ್ಟಕ್ಕೆ ಬರಬೇಕೆಂದು ಅವನು ಬಯಸಿದ, ಅದಕ್ಕೆ ಕಂಪನಿಯ ಬೆಂಬಲವನ್ನೂ ಪಡೆದ. ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ ‘ರಾಜೇಂದ್ರನಾಮೆ’ ಎಂದು ಬರೆಯಿಸಿದ್ದೂ ಅವನೇ. ಮಗಳ ಭವಿಷ್ಯಕ್ಕೆಂದು ಕಂಪನಿಯ ಸಾಲಪತ್ರಗಳಲ್ಲಿ ಹಣವನ್ನೂ ಇಟ್ಟ. 1809ರಲ್ಲಿ ಅವನು ತೀರಿಕೊಂಡ ಮೇಲೆ ದೇವಮ್ಮಾಜಿಗೆ ಪಟ್ಟವಾಯಿತು. ಆದರೆ ಆಕೆ ಇನ್ನೂ ಹುಡುಗಿ. ಅವನ ತಮ್ಮ ಲಿಂಗರಾಜ ಆಡಳಿತ ನೋಡಿಕೊಳ್ಳುವ ನೆಪದಲ್ಲಿ ಬಂದು, 1811ರಲ್ಲಿ ತಾನೇ ಅರಸನಾದ. ಹಿರಿಯ ಅರಸನಿಗೆ ಆಸರೆ ಕೊಟ್ಟಿದ್ದ ಕಂಪನಿ ಇದನ್ನು ಸುಮ್ಮನೆ ನೋಡಿತು. ಲಿಂಗರಾಜನ ಮಗನೇ 1820ರಲ್ಲಿ ಪಟ್ಟಕ್ಕೆ ಬಂದ ಚಿಕ್ಕವೀರರಾಜೇಂದ್ರ. ಗೌರಮ್ಮ ಹುಟ್ಟುವ ಮೂವತ್ತು ವರ್ಷ ಮೊದಲೇ ಈ ಮನೆತನದಲ್ಲಿ ಒಬ್ಬ ಹುಡುಗಿಯ ಹಕ್ಕನ್ನು ಪಾಲಕತ್ವದ ಹೆಸರಿನಲ್ಲಿ ಕಿತ್ತುಕೊಂಡಾಗಿತ್ತು. ಕಿತ್ತುಕೊಂಡವನು ಸ್ವಂತ ಚಿಕ್ಕಪ್ಪ. ಇದನ್ನು ಮರೆಮಾಚಿದರೆ ನಮ್ಮ ವಾದ ಪ್ರಾಮಾಣಿಕವಾಗುವುದಿಲ್ಲ. ಹೆಣ್ಣುಮಗುವಿನ ಪಾಲಕನಾಗಿ ಬಂದು ಒಡೆಯನಾಗುವ ವಿದ್ಯೆಯನ್ನು ಇಂಗ್ಲಿಷರಿಂದ ಕಲಿಯಬೇಕಾದ ಅಗತ್ಯ ನಮಗಿರಲಿಲ್ಲ.

1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಕೊಡಗಿಗೆ ನುಗ್ಗಿತು. ರಾಜನ ತಂಗಿ ಮತ್ತು ಆಕೆಯ ಗಂಡ ಚನ್ನಬಸಪ್ಪ ಅದಕ್ಕೂ ಮುಂಚೆ ಮೈಸೂರಿನ ರೆಸಿಡೆಂಟನ ಆಶ್ರಯ ಪಡೆದಿದ್ದರು. ಅವರನ್ನು ಒಪ್ಪಿಸುವಂತೆ ರಾಜ ಹಟ ಹಿಡಿದದ್ದು ಯುದ್ಧಕ್ಕೆ ಒಂದು ಕಾರಣ. ಮನೆಯೊಳಗಿನ ಜಗಳವೇ ರಾಜ್ಯದೊಳಗೆ ಕಾಲಿಡಲು ಕಂಪನಿಗೆ ಬಾಗಿಲಾಯಿತು. ಮೇ 7ರ ಘೋಷಣೆಯಲ್ಲಿ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. ಆ ಕೆಲಸವನ್ನು ರಾಜಕೀಯ ಅಧಿಕಾರಿಯಾಗಿ ನಡೆಸಿದವನ ಹೆಸರು ಜೇಮ್ಸ್ ಸ್ಟುವರ್ಟ್ ಫ್ರೇಸರ್. ಈ ಹೆಸರನ್ನು ನಮ್ಮ ಭಾಗದವರು ನೆನಪಿಡಬೇಕು. ಇದೇ ಫ್ರೇಸರ್ 1838ರಿಂದ 1852ರವರೆಗೆ ಹೈದರಾಬಾದಿನ ರೆಸಿಡೆಂಟ್ ಆಗಿದ್ದ. ಸುರಪುರದ ಬಾಲರಾಜನ ಮೇಲೆ ಕಂಪನಿಯ ಪಾಲಕತ್ವ ಬಂದದ್ದು ಅವನ ಕಾಲದಲ್ಲೇ. ಪದಚ್ಯುತನಾದ ಚಿಕ್ಕವೀರರಾಜೇಂದ್ರನನ್ನು ಪರಿವಾರಸಮೇತ ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಸಾಗಿಸಿದರು. ಗೌರಮ್ಮ ಹುಟ್ಟಿದ್ದು ಆ ಗಡೀಪಾರಿನ ಏಳನೆಯ ವರ್ಷ. ಮಡಿಕೇರಿಯ ಕೋಟೆಯನ್ನು ಆಕೆ ಕಣ್ಣಿಂದ ಕಂಡವಳಲ್ಲ. ರಾಜಕುಮಾರಿ ಎಂಬ ಬಿರುದು ಆಕೆಗೆ ಬಂದದ್ದು ರಾಜ್ಯವಿಲ್ಲದ ತಂದೆಯಿಂದ.

ರಾಜ್ಯ ಹೋದ ಅರಸನ ಬಳಿ ಉಳಿಯುವ ಆಸ್ತಿ ಎರಡೇ: ಕುಲಗೌರವ ಮತ್ತು ಹೆಣ್ಣುಮಕ್ಕಳು. ಚಿಕ್ಕವೀರರಾಜೇಂದ್ರ ಎರಡನ್ನೂ ಬಳಸಿದ. 1850ರಲ್ಲಿ ನೇಪಾಳದ ಜಂಗ್ ಬಹದ್ದೂರ್ ರಾಣಾ ಯೂರೋಪಿನ ಪ್ರವಾಸ ಮುಗಿಸಿ ಕಾಶಿಗೆ ಬಂದಾಗ ತನ್ನ ಒಬ್ಬ ಮಗಳನ್ನು ಅವನಿಗೆ ಧಾರೆಯೆರೆದು ಕೊಟ್ಟ. ಎರಡು ವರ್ಷದ ನಂತರ ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಭಾರತದಿಂದ ಅಲ್ಲಿಗೆ ಹೋದ ಮೊದಲ ಅರಸರಲ್ಲಿ ಅವನೊಬ್ಬ. ಹೋಗುವುದಕ್ಕೆ ಹೇಳಿದ ಕಾರಣ ಮಗಳಿಗೆ ಕ್ರೈಸ್ತ ಶಿಕ್ಷಣ ಕೊಡಿಸುವುದು. ಅದರ ಜೊತೆಗಿದ್ದ ಇನ್ನೊಂದು ಕಾರಣ ಹಣದ್ದು. ದೊಡ್ಡವೀರರಾಜೇಂದ್ರ ದೇವಮ್ಮಾಜಿಗೆಂದು ಇಟ್ಟಿದ್ದ, ಯುದ್ಧದ ನಂತರ ಕಂಪನಿ ತಡೆಹಿಡಿದಿದ್ದ ಹಣವನ್ನು ಲಂಡನ್ನಿನ ನ್ಯಾಯಾಲಯದಲ್ಲಿ ಕೇಳುವುದು ಅವನ ಉದ್ದೇಶ. ಒಬ್ಬ ಮಗಳಿಂದ ನೇಪಾಳದ ನಂಟು, ಇನ್ನೊಬ್ಬಳಿಂದ ವಿಂಡ್ಸರ್ ಅರಮನೆಯ ನಂಟು. ಹೀಗೆ ಹೆಣ್ಣುಮಕ್ಕಳ ಮೂಲಕ ಕಳೆದದ್ದನ್ನು ಮರಳಿ ಗಳಿಸಬಹುದೆಂದು ಅವನು ಲೆಕ್ಕ ಹಾಕಿದ್ದ.

1852ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಗೌರಮ್ಮನಿಗೆ ದೀಕ್ಷಾಸ್ನಾನ ಮಾಡಿಸಿದರು. ರಾಣಿ ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಆಮೇಲೆ ಹುಡುಗಿ ತಂದೆಯ ಮನೆಯಲ್ಲಿ ಬೆಳೆಯಲಿಲ್ಲ. ಮೊದಲು ಡ್ರಮಂಡ್ ದಂಪತಿಯ ಮನೆಯಲ್ಲಿ, ಮುಂದೆ ಸರ್ ಜಾನ್ ಲಾಗಿನ್ ಮತ್ತು ಅವನ ಹೆಂಡತಿಯ ಉಸ್ತುವಾರಿಯಲ್ಲಿ ಇದ್ದಳು. 1854ರಲ್ಲಿ, ಆಕೆಗೆ ಹದಿಮೂರು ತುಂಬುವ ಹೊತ್ತಿಗೆ, ರಾಣಿ ಆಕೆಯ ಚಿತ್ರ ಬರೆಸಿದಳು. ಬರೆದವನು ಫ್ರಾಂಟ್ಸ್ ಕ್ಸಾವರ್ ವಿಂಟರ್‌ಹಾಲ್ಟರ್, ಜರ್ಮನಿಯ ಕಪ್ಪುಕಾಡಿನ ಸೀಮೆಯಲ್ಲಿ ಹುಟ್ಟಿ ಯೂರೋಪಿನ ರಾಜಮನೆತನಗಳ ಅಚ್ಚುಮೆಚ್ಚಿನ ಚಿತ್ರಕಾರನಾದವನು. ಆ ಚಿತ್ರದಲ್ಲಿ ಗೌರಮ್ಮ ಭಾರತದ ಉಡುಪಿನಲ್ಲಿ, ಮೈತುಂಬ ಆಭರಣ ತೊಟ್ಟು ನಿಂತಿದ್ದಾಳೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮತ ಬದಲಿಸಿ, ಹೆಸರು ಬದಲಿಸಿ, ಇಂಗ್ಲಿಷ್ ಮನೆಯಲ್ಲಿ ಇಂಗ್ಲಿಷ್ ಹುಡುಗಿಯಾಗಿ ಬೆಳೆಸುತ್ತಿದ್ದವರೇ ಚಿತ್ರ ಬರೆಸುವಾಗ ಆಕೆಯನ್ನು ಪೂರ್ವದೇಶದ ರಾಜಕುಮಾರಿಯನ್ನಾಗಿ ಸಿಂಗರಿಸಿ ನಿಲ್ಲಿಸಿದರು. ಅದೇ ವರ್ಷ ಅದೇ ಚಿತ್ರಕಾರ ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನನ್ನೂ ಹಾಗೆಯೇ ಬರೆದ. 1856ರಲ್ಲಿ ಮಾರೊಚೆಟ್ಟಿ ಎಂಬ ಶಿಲ್ಪಿ ಇಬ್ಬರ ಅಮೃತಶಿಲೆಯ ಮೂರ್ತಿಗಳನ್ನೂ ಕಡೆದ. ಎರಡು ಕಳೆದ ರಾಜ್ಯಗಳ ಮಕ್ಕಳು ಗೆದ್ದವರ ಮನೆಯಲ್ಲಿ ಜೋಡಿ ಚಿತ್ರ, ಜೋಡಿ ಶಿಲ್ಪವಾದರು. ರಾಜ್ಯಗಳು ಹೋದವು, ಅವುಗಳ ವೈಭವ ಗೆದ್ದವರ ಗೋಡೆಯ ಮೇಲೆ ಉಳಿಯಿತು.

ಶಿಲ್ಪದಲ್ಲಿ ಜೋಡಿಯಾದವರನ್ನು ಬದುಕಿನಲ್ಲೂ ಜೋಡಿ ಮಾಡಬೇಕೆಂಬುದು ರಾಣಿಯ ಆಸೆಯಾಗಿತ್ತು. ಇಬ್ಬರೂ ಕ್ರೈಸ್ತರಾದ ಭಾರತೀಯ ರಾಜವಂಶದವರು. ಮದುವೆಯಾದರೆ ಕ್ರೈಸ್ತ ಭಾರತದ ಒಂದು ಮಾದರಿ ಕುಟುಂಬವಾಗುತ್ತದೆ ಎಂಬ ಲೆಕ್ಕ. ದುಲೀಪ್ ಸಿಂಗ್ ಒಪ್ಪಲಿಲ್ಲ. ಮುಂದೆ ಅವನು ಕೈಹಿಡಿದದ್ದು ಬಾಂಬಾ ಮ್ಯುಲ್ಲರ್ ಎಂಬವಳನ್ನು. ಆಕೆಯ ತಂದೆ ಜರ್ಮನ್ ವ್ಯಾಪಾರಿ, ತಾಯಿ ಅಬಿಸೀನಿಯದವಳು. ಆ ಮದುವೆ ಈಜಿಪ್ಟಿನಲ್ಲಿ ನಡೆದದ್ದು 1864ರಲ್ಲಿ, ಗೌರಮ್ಮ ತೀರಿಕೊಂಡ ವರ್ಷದಲ್ಲೇ. ಇಂಥ ಮಕ್ಕಳನ್ನು ಸಾಕುವುದು ಆ ಅರಮನೆಯಲ್ಲಿ ಒಂದು ಪದ್ಧತಿಯೇ ಆಗಿತ್ತು ಎನ್ನಲು ಮೂರನೆಯ ಸಾಕ್ಷಿಯೂ ಇದೆ. ಪಶ್ಚಿಮ ಆಫ್ರಿಕಾದಲ್ಲಿ ದಾಹೋಮಿಯ ಅರಸನ ಸೆರೆಯಿಂದ ಬಿಡಿಸಿ 1850ರಲ್ಲಿ ಇಂಗ್ಲೆಂಡಿಗೆ ತಂದ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬ ಹುಡುಗಿಯೂ ರಾಣಿಯ ಧರ್ಮಪುತ್ರಿ. ಆಕೆಯ ಮದುವೆಯೂ 1862ರಲ್ಲಿ ಅರಮನೆಯ ಒಪ್ಪಿಗೆಯ ಮೇಲೆಯೇ ನಡೆಯಿತು. ಆಕೆಯ ಮಗಳಿಗೂ ವಿಕ್ಟೋರಿಯಾ ಎಂದೇ ಹೆಸರು. ಪಂಜಾಬು, ಕೊಡಗು, ಪಶ್ಚಿಮ ಆಫ್ರಿಕಾ ಒಂದಕ್ಕೊಂದು ಸಂಬಂಧವಿಲ್ಲದ ಸೀಮೆಗಳು. ಮೂರರ ಮಕ್ಕಳೂ ಒಂದೇ ಅಚ್ಚಿನಲ್ಲಿ ಬೆಳೆದರೆಂದರೆ ಅದನ್ನು ಒಬ್ಬ ರಾಣಿಯ ಕರುಣೆಯಿಂದಷ್ಟೇ ವಿವರಿಸಲಾಗದು. ಅದರ ಹಿಂದೆ ಒಂದು ವ್ಯವಸ್ಥೆಯಿತ್ತು.

1859ರ ಸೆಪ್ಟೆಂಬರ್ 24ರಂದು ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲೇ ತೀರಿಕೊಂಡ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು. ಮರುವರ್ಷ ಗೌರಮ್ಮನ ಮದುವೆಯಾಯಿತು. ಗಂಡ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಆಕೆಯನ್ನು ನೋಡಿಕೊಳ್ಳುತ್ತಿದ್ದ ಲೇಡಿ ಲಾಗಿನ್ನಳ ಸ್ವಂತ ಸಹೋದರ, ಗೌರಮ್ಮನಿಗಿಂತ ಬಹಳ ದೊಡ್ಡ ವಯಸ್ಸಿನವನು. ಪಾಲಕರ ಮನೆಯಲ್ಲಿದ್ದ ಹುಡುಗಿ ಪಾಲಕರ ಮನೆತನಕ್ಕೇ ಸೊಸೆಯಾದಳು. 1861ರಲ್ಲಿ ಮಗಳು ಹುಟ್ಟಿದಳು. ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ. ಆ ಹೆಸರಿನ ಕೊನೆಯಲ್ಲಿ ಉಳಿದುಕೊಂಡ ‘ಗೌರಮ್ಮ’ ಒಂದೇ ಆ ಮಗುವಿನಲ್ಲಿದ್ದ ಕೊಡಗು. ಮೂರು ವರ್ಷದೊಳಗೆ ತಾಯಿ ತೀರಿಕೊಂಡಳು. ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಾಯಿತು.

ಈಗ ಈ ಕಥೆಯ ತಿರುಳಿಗೆ ಬರುತ್ತೇನೆ. ಅದು ಚಿತ್ರದಲ್ಲೂ ಇಲ್ಲ, ದೀಕ್ಷಾಸ್ನಾನದಲ್ಲೂ ಇಲ್ಲ, ಒಂದು ದಾವೆಯಲ್ಲಿದೆ. ಚಿಕ್ಕವೀರರಾಜೇಂದ್ರ ಕಂಪನಿಯ ಮೇಲೆ ಹೂಡಿದ್ದ ದಾವೆಯ ತೀರ್ಪು ಬಂದದ್ದು 1860ರಲ್ಲಿ, ಅವನು ಸತ್ತ ಮೇಲೆ. ಅವನ ಕಡೆಯ ವಾದ ಸರಳ: ಸಾಲಪತ್ರವೆಂದರೆ ಸಾಲ. ಸಾಲ ಪಡೆದವನು ವ್ಯಾಪಾರಿಯಾಗಲಿ ಅರಸನಾಗಲಿ, ಕೊಟ್ಟವನಿಗೆ ಅಥವಾ ಅವನ ವಾರಸುದಾರನಿಗೆ ಮರಳಿಸಬೇಕು. ನ್ಯಾಯಾಧೀಶ ಸರ್ ಜಾನ್ ರೊಮಿಲಿ ದಾವೆಯನ್ನು ವಜಾ ಮಾಡಿದ. ಕಂಪನಿ ಆ ಹಣವನ್ನು ಹಿಡಿದದ್ದು ಸಾಲಗಾರನಾಗಿ ಅಲ್ಲ, ಯುದ್ಧದಲ್ಲಿ ಗೆದ್ದ ಸಾರ್ವಭೌಮನಾಗಿ. ಸಾರ್ವಭೌಮನ ಇಂಥ ಕೃತ್ಯವನ್ನು ಸಾಮಾನ್ಯ ನ್ಯಾಯಾಲಯ ವಿಚಾರಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ದೇವಮ್ಮಾಜಿಗೆಂದು ಇಟ್ಟ ಹಣ ದೇವಮ್ಮಾಜಿಗೆ ದಕ್ಕಲಿಲ್ಲ. ಅದೇ ಮನೆತನದ ಇನ್ನೊಬ್ಬ ಮಗಳು ಗೌರಮ್ಮನಿಗೂ ಬರಲಿಲ್ಲ. ಅದೇ 1860ರಲ್ಲಿ ಗೌರಮ್ಮನ ಮದುವೆಯೂ ನಡೆಯಿತು ಎಂಬುದನ್ನು ಗಮನಿಸಬೇಕು. ಒಂದು ಕಡೆ ರಾಣಿಯ ಧರ್ಮಪುತ್ರಿಯ ಮದುವೆ. ಇನ್ನೊಂದು ಕಡೆ ಆಕೆಯ ಮನೆತನಕ್ಕೆ ನಿಮ್ಮ ಕೇಳಿಕೆ ನ್ಯಾಯಾಲಯದ ವ್ಯಾಪ್ತಿಗೇ ಬರುವುದಿಲ್ಲ ಎಂಬ ತೀರ್ಪು. ಪ್ರೀತಿ ಕೊಡುವಾಗ ಆಕೆ ಮಗಳು. ಆಸ್ತಿ ಕೇಳಿದಾಗ ಆಕೆ ಸೋತ ಶತ್ರುವಿನ ಮಗಳು.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ, ರಾಣಿ ಬೇರೆ, ಕಂಪನಿ ಬೇರೆ, ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು ಎಂಬುದು. 1852ರ ಮಟ್ಟಿಗೆ ಇದು ಒಪ್ಪುವ ಮಾತು. ಆದರೆ 1858ರಲ್ಲಿ ಕಂಪನಿಯ ಆಳ್ವಿಕೆ, ಅದರ ಆಸ್ತಿ, ಅದರ ಹೊಣೆಗಳು ರಾಣಿಯ ಸರ್ಕಾರಕ್ಕೆ ಬಂದವು. 1860ರಲ್ಲಿ ಆ ಹಣ ಉಳಿಸಿಕೊಂಡದ್ದರ ಲಾಭ ಯಾರಿಗೆ ಸೇರಿತೆಂದರೆ ರಾಣಿಯ ಹೆಸರಿನಲ್ಲಿ ನಡೆಯುತ್ತಿದ್ದ ಭಾರತ ಸರ್ಕಾರಕ್ಕೇ. ಇದಕ್ಕೆ ಸೇರಿದ ಇನ್ನೊಂದು ಆಕ್ಷೇಪ, ರಾಣಿಯ ಮಮತೆ ನಿಜವಾದದ್ದು ಎಂಬುದು. ಅದನ್ನು ನಾನೂ ಒಪ್ಪುತ್ತೇನೆ. ಆಕೆ ಗೌರಮ್ಮನ ಬಗ್ಗೆ ಕಾಳಜಿ ತೋರಿದ್ದಕ್ಕೆ ಸಾಕಷ್ಟು ದಾಖಲೆಯಿದೆ. ಪ್ರಷ್ಯಕ್ಕೆ ಸೊಸೆಯಾಗಿ ಹೋದ ತನ್ನ ಹಿರಿಯ ಮಗಳಿಗೆ ಬರೆದ ಪತ್ರಗಳಲ್ಲೂ ಈ ಹುಡುಗಿಯ ಪ್ರಸ್ತಾಪ ಬರುತ್ತದೆ. ಮಮತೆ ಸುಳ್ಳಾಗಿದ್ದರೆ ನಮ್ಮ ಪ್ರಶ್ನೆ ಸುಲಭವಾಗುತ್ತಿತ್ತು, ಕಪಟವೆಂದು ಹೇಳಿ ಮುಗಿಸಬಹುದಿತ್ತು. ಮಮತೆ ನಿಜವಾಗಿದ್ದೂ ಗೌರಮ್ಮನ ಹಕ್ಕು ಉಳಿಯಲಿಲ್ಲ ಎಂಬುದೇ ಇಲ್ಲಿನ ಪಾಠ. ಪ್ರೀತಿಸುವವರ ಒಳ್ಳೆಯತನವನ್ನು ನಂಬಿ ನಿಂತ ಬದುಕಿಗೆ, ಆ ಒಳ್ಳೆಯತನ ಸರಿದ ದಿನ ನಿಲ್ಲಲು ನೆಲವಿರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಯೂರೋಪಿನ ರಾಜಕುಮಾರಿಯರ ಪಾಡೂ ಇದೇ ಆಗಿತ್ತಲ್ಲ, ಜರ್ಮನಿಯ ಚಿಕ್ಕಪುಟ್ಟ ಸಂಸ್ಥಾನಗಳ ಹೆಣ್ಣುಮಕ್ಕಳನ್ನು ರಾಜಕಾರಣಕ್ಕಾಗಿಯೇ ಮದುವೆ ಮಾಡಿ ಕಳಿಸುತ್ತಿದ್ದರಲ್ಲ, ಗೌರಮ್ಮನಿಗಾದದ್ದರಲ್ಲಿ ವಿಶೇಷವೇನು ಎಂದು ಕೇಳಬಹುದು. ಆ ಮಾತಿಗೆ ವಿಕ್ಟೋರಿಯಾಳ ಮನೆತನವೇ ಸಾಕ್ಷಿ. ಆಕೆಯ ತಾಯಿ ಸ್ಯಾಕ್ಸ್-ಕೋಬುರ್ಗಿನ ರಾಜಕುಮಾರಿ. ಮೊದಲು ಲೈನಿಂಗೆನ್ನಿನ ಅರಸನ ಹೆಂಡತಿಯಾಗಿದ್ದು, ವಿಧವೆಯಾದ ಮೇಲೆ, ಇಂಗ್ಲೆಂಡಿನ ಪಟ್ಟಕ್ಕೆ ವಾರಸುದಾರರು ಬೇಕಾಗಿದ್ದ ಹೊತ್ತಿನಲ್ಲಿ, 1818ರಲ್ಲಿ ಕೆಂಟಿನ ಡ್ಯೂಕನನ್ನು ಮದುವೆಯಾದಳು. ಮರುವರ್ಷ ಹುಟ್ಟಿದವಳೇ ವಿಕ್ಟೋರಿಯಾ. ವಿಕ್ಟೋರಿಯಾಳ ಮಲಅಕ್ಕ ಫಿಯೊಡೋರಾಳನ್ನು 1828ರಲ್ಲಿ ಹೊಹೆನ್‌ಲೋಹೆಯ ಅರಸನಿಗೆ ಕೊಟ್ಟರು. ವಿಕ್ಟೋರಿಯಾಳ ಹಿರಿಯ ಮಗಳು 1858ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಪ್ರಷ್ಯಕ್ಕೆ ಹೋದಳು. ಈ ಹೆಣ್ಣುಮಕ್ಕಳ ಮದುವೆಗಳೂ ರಾಜ್ಯಗಳ ಲೆಕ್ಕಾಚಾರವೇ ಸರಿ, ಅವರಲ್ಲಿ ಹಲವರು ಪರದೇಶದಲ್ಲಿ ಕಷ್ಟಪಟ್ಟದ್ದೂ ನಿಜ. ಆದರೆ ವ್ಯತ್ಯಾಸವನ್ನು ನೋಡಬೇಕು. ಪ್ರಷ್ಯಕ್ಕೆ ಹೋದ ಮಗಳಿಗೆ ಬ್ರಿಟನ್ನಿನ ಪಾರ್ಲಿಮೆಂಟು 40,000 ಪೌಂಡ್ ವರದಕ್ಷಿಣೆಯನ್ನೂ ವರ್ಷಕ್ಕೆ 8,000 ಪೌಂಡ್ ಉಂಬಳಿಯನ್ನೂ ಮತ ಹಾಕಿ ಮಂಜೂರು ಮಾಡಿತು. ಅದು ಯಾರ ದಯೆಯೂ ಅಲ್ಲ, ಶಾಸನಸಭೆ ಒಪ್ಪಿದ ಹಕ್ಕು. ಆಕೆಯ ಹಿಂದೆ ತವರಿತ್ತು, ಹೆಸರು ಬದಲಾಗಲಿಲ್ಲ, ತಾಯಿಗೆ ತನ್ನ ಭಾಷೆಯಲ್ಲಿ ಪತ್ರ ಬರೆಯುವ ದಾರಿ ಜೀವನಪೂರ್ತಿ ತೆರೆದಿತ್ತು. ಗೌರಮ್ಮನ ವಿಷಯದಲ್ಲಿ ಗೆದ್ದವರೇ ಪಾಲಕರು, ಪಾಲಕರೇ ಬೀಗರು, ಅವರ ನ್ಯಾಯಾಲಯವೇ ಆಕೆಯ ತಂದೆಯ ದಾವೆ ಕೇಳುವ ನ್ಯಾಯಾಲಯ. ತವರು ಎಂಬುದನ್ನು ಆಕೆ ಹುಟ್ಟುವ ಮೊದಲೇ ಅಳಿಸಿಹಾಕಿದ್ದರು. ಇಬ್ಬರೂ ರಾಜಕೀಯದ ಮದುವೆಗಳ ಹೆಣ್ಣುಮಕ್ಕಳೇ, ಆದರೆ ಒಬ್ಬಳ ಪರವಾಗಿ ಮಾತಾಡಲು ಒಂದು ರಾಜ್ಯವಿತ್ತು, ಇನ್ನೊಬ್ಬಳ ಪರವಾಗಿ ಯಾರೂ ಇರಲಿಲ್ಲ.

ಮೂರನೆಯ ಆಕ್ಷೇಪ ತಂದೆಯ ಕುರಿತದ್ದು. ಚಿಕ್ಕವೀರರಾಜೇಂದ್ರ ಕ್ರೂರಿ, ಸ್ವಂತದವರನ್ನೇ ಕೊಲ್ಲಿಸಿದವನು; ಅಂಥವನ ಮಗಳಿಗೆ ಆದದ್ದು ಒಳ್ಳೆಯದೇ ಅಲ್ಲವೇ ಎನ್ನುವವರಿದ್ದಾರೆ. ಅವನ ಆಳ್ವಿಕೆಯ ಕ್ರೌರ್ಯವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ ಕಾದಂಬರಿಯಲ್ಲಿ ಆ ಅರಸನ ಪತನವನ್ನು ಚಿತ್ರಿಸುವಾಗ ಅವನ ದೋಷಗಳಿಗೆ ಪರದೆ ಹಾಕಿಲ್ಲ. ಆದರೆ ಅವನ ಚಿತ್ರ ಇಂಗ್ಲಿಷಿನಲ್ಲಿ ಗಟ್ಟಿಯಾದದ್ದು ಯಾರ ಬರಹದಿಂದ ಎಂದೂ ನೋಡಬೇಕು. 1855ರಲ್ಲಿ ಕೊಡಗಿನ ಅರಸರ ಬಗ್ಗೆ ಪುಸ್ತಕ ಪ್ರಕಟಿಸಿದವರು ಹರ್ಮನ್ ಮೋಗ್ಲಿಂಗ್, ಜರ್ಮನಿಯ ವ್ಯೂರ್ಟೆಂಬರ್ಗಿನಿಂದ ಬಾಸೆಲ್ ಮಿಷನ್ ಪರವಾಗಿ ಬಂದವರು. ‘ಮಂಗಳೂರ ಸಮಾಚಾರ’ದ ಮೂಲಕ ಕನ್ನಡಕ್ಕೆ ಪತ್ರಿಕೆಯನ್ನು ಕೊಟ್ಟ ಅವರ ಋಣ ದೊಡ್ಡದು. ಆದರೂ ಅವರು ಕೊಡಗಿಗೆ ಕಾಲಿಟ್ಟದ್ದು ರಾಜ್ಯ ಹೋಗಿ ಸುಮಾರು ಎರಡು ದಶಕ ಕಳೆದ ಮೇಲೆ, ಮತಪ್ರಚಾರಕರಾಗಿ, ಹೊಸ ಆಳ್ವಿಕೆಯ ಆಶ್ರಯದಲ್ಲಿ. ಅವರು ಕೇಳಿಸಿಕೊಂಡ ಸಾಕ್ಷಿಗಳನ್ನು ತಳ್ಳಿಹಾಕಬೇಕಿಲ್ಲ, ಆದರೆ ಎಲ್ಲಿ ನಿಂತು ಕೇಳಿಸಿಕೊಂಡರು ಎಂಬುದನ್ನು ಮರೆಯಬಾರದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತಂದೆ ಎಷ್ಟೇ ಕೆಟ್ಟವನಾಗಿದ್ದರೂ ಅದು 1834ಕ್ಕೆ ಮೊದಲಿನ ಮಾತು. ಏಳು ವರ್ಷದ ಮೇಲೆ ಹುಟ್ಟಿದ ಮಗುವಿನ ವಾರಸಿಕೆಯನ್ನು ಅದು ರದ್ದು ಮಾಡಲಾರದು. ಅಪ್ಪನ ಪಾಪಕ್ಕೆ ಮಗಳ ಪಾಲನ್ನು ದಂಡವಾಗಿ ಕಟ್ಟಿಸಿಕೊಳ್ಳುವುದು ಯಾವ ನ್ಯಾಯವೂ ಅಲ್ಲ.

ಇನ್ನು ನಮ್ಮ ಸುರಪುರ. ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ ಹುಡುಗ. ತಾಯಿ ರಾಣಿ ಈಶ್ವರಮ್ಮ ಮಗನ ಹೆಸರಿನಲ್ಲಿ ಆಡಳಿತ ತನಗೆ ಬರಬೇಕೆಂದಳು, ಗತಿಸಿದ ಅರಸನ ತಮ್ಮ ಪಿಡ್ಡನಾಯಕ ತನಗೆ ಬರಬೇಕೆಂದ. ಹೈದರಾಬಾದಿನ ರೆಸಿಡೆಂಟ್ ಫ್ರೇಸರ್ ಅಲ್ಲಿಗೆ ಕಳಿಸಿದ್ದು ಫಿಲಿಪ್ ಮೆಡೋಸ್ ಟೇಲರನನ್ನು. ಟೇಲರ್ ರಾಣಿಯ ವಿರುದ್ಧ ನಿಂತ. ಕೊನೆಗೆ ಸಂಸ್ಥಾನದ ಹಿಡಿತ ಅವನ ಕೈಗೇ ಬಂತು. 1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ಒಪ್ಪಿಸುವವರೆಗೆ ಅವನೇ ಆಡಳಿತ ನಡೆಸಿದ. ಕೆರೆ, ರಸ್ತೆ, ಲೆಕ್ಕಪತ್ರಗಳ ವಿಷಯದಲ್ಲಿ ಅವನು ಮಾಡಿದ ಕೆಲಸ ಇಂದಿಗೂ ಸುರಪುರದಲ್ಲಿ ನೆನಪಾಗುತ್ತದೆ, ಅವನು ಕಟ್ಟಿಸಿದ ಮನೆ ಗುಡ್ಡದ ಮೇಲೆ ಇಂದಿಗೂ ನಿಂತಿದೆ. 1858ರ ಫೆಬ್ರವರಿಯಲ್ಲಿ ರಾಜ ಬ್ರಿಟಿಷರ ವಿರುದ್ಧ ಎದ್ದ. ಸೋಲಾದ ಮೇಲೆ ಹೈದರಾಬಾದಿನಲ್ಲಿ ಸೆರೆಸಿಕ್ಕಿದ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿನ ಸೆರೆಗೆ ಒಯ್ಯುವ ದಾರಿಯಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ, ಗುಂಡೇಟಿನಿಂದ ಸತ್ತ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಸೆರೆಯಲ್ಲಿದ್ದ ವೆಂಕಟಪ್ಪ ನಾಯಕ ತನ್ನನ್ನು ಕಾಣಲು ಬಂದ ಟೇಲರನನ್ನು ‘ಅಪ್ಪಾ’ ಎಂದು ಕರೆದ ಸಂಗತಿಯನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಕರೆ ನಿಜವಾದದ್ದು ಎಂದೇ ನಾನು ನಂಬುತ್ತೇನೆ. ಟೇಲರನ ದುಃಖವೂ ನಿಜ. ಗೌರಮ್ಮನಿಗೆ ಧರ್ಮಮಾತೆಯಾದ ರಾಣಿಯಂತೆ ವೆಂಕಟಪ್ಪನಿಗೆ ಸಾಕುತಂದೆಯಾದ ಟೇಲರ್. ಎರಡೂ ಕಡೆ ಪ್ರೀತಿ ನಿಜ, ಎರಡೂ ಕಡೆ ರಾಜ್ಯ ಹೋಯಿತು, ಇಬ್ಬರೂ ಮೂವತ್ತು ಮುಟ್ಟದೆ ಮಡಿದರು.

ಇಲ್ಲಿ ರಾಣಿ ಈಶ್ವರಮ್ಮನ ಪ್ರಶ್ನೆ ಏಳುತ್ತದೆ. ಟೇಲರನ ಬರಹದಲ್ಲಿ ಆಕೆ ಒಳಸಂಚಿನ, ಕೆಟ್ಟ ನಡತೆಯ ಹೆಂಗಸು. ಆ ಮಾತನ್ನೇ ನಾವು ತಲೆಮಾರುಗಟ್ಟಲೆ ನಂಬಿ ಬಂದಿದ್ದೇವೆ. ಆದರೆ ಆತ್ಮಕಥೆ ಬಂದದ್ದು 1877ರಲ್ಲಿ, ಟೇಲರ್ ಸತ್ತ ಮರುವರ್ಷ, ಮಗಳ ಸಂಪಾದನೆಯಲ್ಲಿ. ಅದು ಆ ಜಗಳದಲ್ಲಿ ಗೆದ್ದವನ ಹೇಳಿಕೆ. ವ್ಯಾಜ್ಯದಲ್ಲಿ ಒಂದೇ ಕಡೆಯವರ ಹೇಳಿಕೆಯ ಮೇಲೆ ತೀರ್ಪು ಬರೆಯುವುದನ್ನು ನಮ್ಮೂರಿನ ಪಂಚಾಯಿತಿಯೂ ಒಪ್ಪುವುದಿಲ್ಲ. ಹೆಂಗಸಿನ ಕೈಯಲ್ಲಿ ಸಂಸ್ಥಾನ ಉಳಿಯುತ್ತಿರಲಿಲ್ಲ ಎನ್ನುವ ವಾದಕ್ಕೆ ಕನ್ನಡ ನಾಡಿನ ಚರಿತ್ರೆಯೇ ಉತ್ತರ ಕೊಟ್ಟಿದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಚೆನ್ನಮ್ಮ ಇಪ್ಪತ್ತೈದು ವರ್ಷ ರಾಜ್ಯವಾಳಿದಳು. 1895ರಿಂದ 1902ರವರೆಗೆ ಮೈಸೂರಿನಲ್ಲಿ ಎಳೆಯ ಮಗ ಕೃಷ್ಣರಾಜ ಒಡೆಯರ ಪರವಾಗಿ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಆಡಳಿತ ನಡೆಸಿದರು. ಶಿವನಸಮುದ್ರದ ವಿದ್ಯುತ್ ಯೋಜನೆ ರೂಪುಗೊಂಡದ್ದು ಅವರ ಕಾಲದಲ್ಲಿ. 1895ರಲ್ಲಿ ಬ್ರಿಟಿಷರೇ ಒಪ್ಪಿದ ವ್ಯವಸ್ಥೆಯನ್ನು 1840ರ ದಶಕದಲ್ಲಿ ಸುರಪುರಕ್ಕೆ ಒಪ್ಪಲಿಲ್ಲವೆಂದರೆ ಅದಕ್ಕೆ ಕಾರಣವನ್ನು ಹೆಣ್ಣಿನ ಸ್ವಭಾವದಲ್ಲಿ ಹುಡುಕುವುದು ತಪ್ಪು, ಆಯಾ ಕಾಲದಲ್ಲಿ ಸರ್ಕಾರಕ್ಕೆ ಏನು ಬೇಕಾಗಿತ್ತು ಎಂಬುದರಲ್ಲಿ ಹುಡುಕಬೇಕು.

ಕೊನೆಯ ಆಕ್ಷೇಪ ನಮ್ಮವರದೇ. ಗೌರಮ್ಮ ಕನ್ನಡ ನಾಡನ್ನು ನೋಡಲಿಲ್ಲ, ಮತ ಬದಲಿಸಿದಳು, ಬ್ರಿಟಿಷನನ್ನು ಮದುವೆಯಾದಳು. ಆಕೆಯನ್ನು ನಮ್ಮವಳೆಂದು ಏಕೆ ಹೇಳಿಕೊಳ್ಳಬೇಕು ಎಂಬುದು. ಹನ್ನೊಂದು ವರ್ಷದ ಮಗು ತನ್ನ ಮತವನ್ನು ತಾನೇ ಆರಿಸಿತೆಂದು ಹೇಳುವುದು ಎಷ್ಟು ತಪ್ಪೋ, ಆ ಕಾರಣಕ್ಕೆ ಆಕೆಯನ್ನು ಕೈಬಿಡುವುದೂ ಅಷ್ಟೇ ತಪ್ಪು. ಆಕೆಯನ್ನು ನಮ್ಮವಳೆನ್ನುವುದು ಮತದ ಲೆಕ್ಕದಿಂದಲೋ ಕುಲದ ಲೆಕ್ಕದಿಂದಲೋ ಆಗಬೇಕಾಗಿಲ್ಲ. ಆಕೆಗಾದ ಅನ್ಯಾಯದ ಬೇರು ನಮ್ಮ ಮಣ್ಣಿನಲ್ಲೂ ಇರುವುದರಿಂದ ಆಗಬೇಕು. ದೇವಮ್ಮಾಜಿಯ ಪಟ್ಟ ಕಿತ್ತವನು ಇಂಗ್ಲಿಷಿನವನಲ್ಲ. ಹೆಣ್ಣುಮಕ್ಕಳನ್ನು ರಾಜಕೀಯದ ಪಣಕ್ಕಿಟ್ಟವನು ಅವರ ಅಪ್ಪನೇ. ಸಾಮ್ರಾಜ್ಯ ಮಾಡಿದ್ದು ಇಷ್ಟು: ಇಲ್ಲಿ ಮೊದಲೇ ಇದ್ದ ಆ ಪದ್ಧತಿಯನ್ನು ಎತ್ತಿಕೊಂಡು, ಅದಕ್ಕೆ ಕಾನೂನಿನ ಬಲ ಕೊಟ್ಟು, ತನ್ನ ಅನುಕೂಲಕ್ಕೆ ದುಡಿಸಿಕೊಂಡಿತು.

ಆದ್ದರಿಂದ ಈ ಬದುಕಿನಿಂದ ನಾವು ಪಡೆಯಬೇಕಾದ ಅಳತೆಗೋಲು ಒಂದೇ: ಮಗಳೆಂದು ಕರೆದವರು ಆಕೆಗೆ ಯಾವ ಹಕ್ಕನ್ನು ಬರೆದುಕೊಟ್ಟರು? ಈ ಅಳತೆಗೋಲನ್ನು ಲಂಡನ್ನಿಗೆ ಮಾತ್ರ ಹಿಡಿದು ನಮ್ಮ ಮನೆಗೆ ಹಿಡಿಯದಿದ್ದರೆ ನಾವು ಚರಿತ್ರೆ ಓದಿದ್ದು ವ್ಯರ್ಥ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಅಕ್ಕತಂಗಿಯರನ್ನು ಕರೆಸಿ, ಉಡಿ ತುಂಬಿ, ಸೀರೆ ಕುಪ್ಪಸ ಕೊಟ್ಟು, ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಕೇಳಿದರೆ ತವರಿನ ಪ್ರೀತಿ ಮುರಿದೀತು ಎಂಬ ಅಂಜಿಕೆಗೆ ಆ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ. ಆ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ. ವಿಕ್ಟೋರಿಯಾಳ ಪ್ರೀತಿಯೂ ಸುಳ್ಳಾಗಿರಲಿಲ್ಲ, ಟೇಲರನ ಪ್ರೀತಿಯೂ ಸುಳ್ಳಾಗಿರಲಿಲ್ಲ. ಪ್ರೀತಿ ಮತ್ತು ಹಕ್ಕು ಒಂದರ ಬದಲಿಗೆ ಇನ್ನೊಂದು ಕೊಡುವ ವಸ್ತುಗಳಲ್ಲ, ಎರಡೂ ಸೇರಿದಾಗಲೇ ಮಗಳೆಂಬ ಮಾತು ಪೂರ್ತಿಯಾಗುತ್ತದೆ. ಇಲ್ಲಿ ಕುಳಿತಿರುವ ವಿದ್ಯಾರ್ಥಿನಿಯರು ತಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಲಿ, ತಮ್ಮ ಹೆಸರು ಏಕಿಲ್ಲ ಎಂದು ಹಿರಿಯರನ್ನು ಗೌರವದಿಂದ ಕೇಳಲಿ. ಹಿರಿಯರು ಕೋಪಿಸಿಕೊಳ್ಳದೆ ಉತ್ತರ ಕೊಡಲಿ. ಗೌರಮ್ಮನಿಗೆ, ದೇವಮ್ಮಾಜಿಗೆ, ಈಶ್ವರಮ್ಮನಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.